ನೂರಕ್ಕೆ ತೊಂಬತ್ತೆಂಟು

ಗುರುವಾರ ಬೆಳಿಗ್ಗೆ ಸೀರೀನ್ ಕಚೇರಿಗೆ ಒಂದು ತಟ್ಟೆ ಕುನಾಫ ಸಿಹಿ ತಂದಿದ್ದಳು. ಎಲ್ಲರಿಗೂ ಹಂಚಿ, ಉಳಿದುದರಲ್ಲಿ ದೊಡ್ಡ ತುಂಡನ್ನೇ ಹಿರಿಯ ಸಹೋದ್ಯೋಗಿ ನಾಯೆಫರ ಮುಂದಿಟ್ಟಳು.

"ತಗೊಳ್ಳಿ ಚಿಕ್ಕಪ್ಪ. ತೊಂಬತ್ತೆಂಟು ಕೊಟ್ಟ ಕೈಗೆ ಇದು ಕಮ್ಮೀನೇ."

"ನೀನು ಬರೆದದ್ದು ಹಾಗಿತ್ತಮ್ಮ, ಕೊಟ್ಟೆ," ಎಂದರು ನಾಯೆಫ್. ತುಂಡನ್ನು ಮಾತ್ರ ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಅಮ್ಮಾನ್ ನಗರದ ಪೂರ್ವದ ಗುಡ್ಡಗಳ ಮೇಲಿನ ಮನೆಗಳಿಗೆ ಟ್ಯಾಂಕರ್ ನೀರು ಕಳಿಸುವ ಕಂಪನಿ ಅದು. ಯಾವ ಮನೆಗೆ ಯಾವ ದಿನ ನೀರು, ಯಾರ ತಾರಸಿಯ ತೊಟ್ಟಿ ಎಷ್ಟು ದೊಡ್ಡದು ಎಂಬುದೆಲ್ಲ ಇರುವ ಡೇಟಾಬೇಸನ್ನು ಹದಿನೇಳು ವರ್ಷದ ಹಿಂದೆ ಕಟ್ಟಿದವರೇ ನಾಯೆಫ್. ಈಗ ಫೋನಿನಲ್ಲಿ ಗಿರಾಕಿಗಳಿಗೆ ಉತ್ತರ ಹೇಳಲು ಎಐ ಸಹಾಯಕ ಬರುವುದಿತ್ತು. ಡೇಟಾಬೇಸಿನಿಂದ ಅದು ಮಾಹಿತಿ ತೆಗೆಯುವುದು ಟೂಲ್‌ಗಳೆಂಬ ಹತ್ತಾರು ಪುಟ್ಟ ಪ್ರೋಗ್ರಾಮ್‌ಗಳ ಮೂಲಕ. ಈ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಅದು ಕೊಟ್ಟ ಉತ್ತರವನ್ನು ಹೇಗೆ ಓದಬೇಕು ಎಂದು ಪ್ರತಿಯೊಂದಕ್ಕೂ ನಾಲ್ಕು ಸಾಲಿನ ವಿವರಣೆ ಬರೆಯಬೇಕು. ಆ ನಾಲ್ಕು ಸಾಲು ಬಿಟ್ಟರೆ ಯಂತ್ರಕ್ಕೆ ಈ ಕಂಪನಿಯ ಗಂಧಗಾಳಿಯೂ ಇಲ್ಲ.

ಆ ಕೆಲಸ ತಮಗಲ್ಲದೆ ಇನ್ಯಾರಿಗೆ ಎಂದು ನಾಯೆಫ್ ಎದೆಯುಬ್ಬಿಸಿ ಕೂತಿದ್ದರು. ಮಾಲೀಕ ಅಬು ಹಾತಿಮ್ ಅದನ್ನು, ಸೇರಿ ಮೂರು ತಿಂಗಳೂ ಆಗದ ಸೀರೀನ್‌ಗೆ ಕೊಟ್ಟ. ಅವಳು ಬರೆದದ್ದನ್ನು ಪರೀಕ್ಷಿಸಿ ಅಂಕ ಹಾಕುವ ಕೆಲಸ ನಾಯೆಫರಿಗೆ ಉಳಿಯಿತು.

ಅಂದಿನಿಂದ ಹೊಟ್ಟೆಯುರಿ. ಅವಳು ನಕ್ಕರೂ ಉರಿ, ಸುಮ್ಮನಿದ್ದರೂ ಉರಿ. ಅಬು ಹಾತಿಮ್ ಅವಳ ಮೇಜಿನ ಬಳಿ ನಿಂತು ಕಾಫಿ ಕುಡಿದರೆ ಇವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಆ ಹುಡುಗಿ ಹೆಸರೆತ್ತದೆ ಒಂದು ತುತ್ತು ತಿನ್ನಿ ನೋಡೋಣ!" ಎಂದು ಹೆಂಡತಿಯೇ ರೇಗಿಸಿದ್ದಳು.

ಅವಳು ಬರೆದದ್ದನ್ನು ಓದುವಾಗ ನಾಯೆಫರಿಗೆ ಬೇಕಾದದ್ದು ಸಿಕ್ಕಿತು. ನೀರಿನ ದಿನ ತಿಳಿಸುವ ಟೂಲಿಗೆ ಅವಳು "ಒಂದರಿಂದ ಏಳರವರೆಗಿನ ಸಂಖ್ಯೆ ಬರುತ್ತದೆ" ಎಂದಷ್ಟೇ ಬರೆದಿದ್ದಳು. ಶುಕ್ರವಾರವೊಂದೇ ರಜೆಯಿರುವ ಈ ಕಂಪನಿಯಲ್ಲಿ ವಾರ ಶುರುವಾಗುವುದು ಶನಿವಾರ. ಡೇಟಾಬೇಸಿನಲ್ಲೂ ಒಂದು ಎಂದರೆ ಶನಿವಾರವೇ. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ನಾಯೆಫರ ತಲೆಯಲ್ಲಷ್ಟೇ ಇತ್ತು. ವಾರ ಸೋಮವಾರ ಶುರುವಾಗುತ್ತದೆಂದು ಕಲಿತ ಹೊರಗಿನ ಯಂತ್ರ ಆ ಒಂದನ್ನು ಸೋಮವಾರವೆಂದೇ ಓದುತ್ತದೆ.

ಕಡಿಮೆ ಅಂಕ ಕೊಟ್ಟರೆ ಅವಳು ತಿದ್ದಿಕೊಂಡುಬಿಡುತ್ತಾಳೆ. ಹೊಗಳಿದರೆ ಎಲ್ಲರೆದುರು ಮುಗ್ಗರಿಸುತ್ತಾಳೆ, ಕೆಲಸವೂ ಹೋಗುತ್ತದೆ. ನಾಯೆಫ್ ಪರೀಕ್ಷೆಗೆ ಇಪ್ಪತ್ತು ಪ್ರಶ್ನೆ ಹಾಕಿದರು, ಒಂದರಲ್ಲೂ ದಿನ ಕೇಳಲಿಲ್ಲ. ನೂರಕ್ಕೆ ತೊಂಬತ್ತೆಂಟು ಬರೆದು ಸಹಿ ಮಾಡಿದರು.

ಆ ಗುರುವಾರವೇ ಸಹಾಯಕ ಕೆಲಸ ಶುರುಮಾಡುವ ದಿನ. ಹತ್ತು ಗಂಟೆಗೆ ಅಬು ಹಾತಿಮ್ ಫೋನಿನ ಸ್ಪೀಕರ್ ಹಾಕಿದ. "ಮೊದಲ ಕರೆ. ಎಲ್ಲ ಸುಮ್ಮನಿರಿ!"

ಉಮ್ ಫವಾಜ್ ಮಾಡಿದ ಕರೆ. ಒಬ್ಬಳೇ ಇರುವ ಮುದುಕಿ, ಹಳೆಯ ಗಿರಾಕಿ. "ನಮ್ಮನೆಗೆ ನೀರಿನ ಗಾಡಿ ಯಾವತ್ತು ಬರುತ್ತಪ್ಪ?"

"ಸೋಮವಾರ ಬರುತ್ತೆ, ಅಮ್ಮ," ಎಂದಿತು ಯಂತ್ರ.

"ಸೋಮವಾರಾನಾ? ನಾಡಿದ್ದು ಶನಿವಾರ ಅಂದ್ಕೊಂಡಿದ್ನಲ್ಲ!"

"ಇಲ್ಲಮ್ಮ, ಸೋಮವಾರವೇ."

"ಇರಬೇಕು ಬಿಡಪ್ಪ. ಮಾತ್ರೆ ನುಂಗಿದ್ನೋ ಇಲ್ವೋ ಅನ್ನೋದೇ ನೆನಪಿರಲ್ಲ ಈಗೀಗ. ನನ್ನ ತಲೆಯೇ ಕೆಟ್ಟಿದೆ. ಹಂಗಾದ್ರೆ ಶನಿವಾರ ಮನೆಗೆ ಬೀಗ ಹಾಕ್ಕೊಂಡು ಮಗಳ ಮನೆಗೆ ಹೋಗಿಬರ್ತೀನಿ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಕಚೇರಿ ತುಂಬ ಚಪ್ಪಾಳೆ. ಯಾರೋ ಸೀರೀನಳ ಬೆನ್ನು ತಟ್ಟಿದರು.

ನಾಯೆಫರ ಕೈಗಳು ಮಾತ್ರ ಏಳಲಿಲ್ಲ. ಬೀಗ ಕಂಡ ಟ್ಯಾಂಕರ್ ನಿಲ್ಲುವುದಿಲ್ಲ, ಆಗಸ್ಟ್ ಬಿಸಿಲಿನಲ್ಲಿ ಮುಂದಿನ ಸರದಿಗೆ ಇನ್ನೊಂದು ವಾರ. ಆದರೆ ಅವರನ್ನು ಚುಚ್ಚಿದ್ದು ಅದಕ್ಕಿಂತ ಬೇರೆಯದು. ಸರಿಯಾಗಿ ನೆನಪಿಟ್ಟುಕೊಂಡಿದ್ದ ಮುದುಕಿ ತನ್ನ ತಲೆಯೇ ಕೆಟ್ಟಿದೆ ಎಂದು ಒಪ್ಪಿಕೊಂಡುಬಿಟ್ಟಿದ್ದಳು. ಸೀರೀನಳಿಗೆಂದು ತೋಡಿದ ಗುಂಡಿಗೆ ಈ ಮುದುಕಿ ಬಿದ್ದಿದ್ದಳು, ಅದೂ ಆಶೀರ್ವಾದ ಮಾಡುತ್ತ. ನಾಯೆಫರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ಆ ಯಂತ್ರ ನಿಲ್ಲಿಸಿ, ಅಬು ಹಾತಿಮ್," ಎಂದು ಎದ್ದು ಫೋನ್ ಎತ್ತಿಕೊಂಡು ತಾವೇ ನಂಬರ್ ಒತ್ತಿದರು. "ಉಮ್ ಫವಾಜ್, ನಾನು ನಾಯೆಫ್. ಶನಿವಾರಾನೇ ಬರೋದು. ಬೀಗ ಹಾಕ್ಕೊಂಡು ಹೋಗ್ಬೇಡಿ. ನಿಮ್ಮ ತಲೆ ಸರಿಯಾಗೇ ಇದೆ, ತಪ್ಪು ನಂದು."

ಸೀರೀನ್ ಅವರತ್ತ ತಿರುಗಿದಳು. "ನಾನು ಬರೆದದ್ದು ತಪ್ಪಾ ಚಿಕ್ಕಪ್ಪ?"

"ಒಂದು ಅಂದ್ರೆ ಶನಿವಾರ. ಆ ಸಾಲು ಇಲ್ಲ. ಇಲ್ಲ ಅನ್ನೋದು ಓದಿದ ದಿನವೇ ನನಗೆ ಗೊತ್ತಿತ್ತು."

"ಗೊತ್ತಿದ್ದೂ ತೊಂಬತ್ತೆಂಟು ಕೊಟ್ರಾ?"

"ಗೊತ್ತಿದ್ದೇ ಕೊಟ್ಟೆ." ನಾಯೆಫ್ ತಲೆಯೆತ್ತಲಿಲ್ಲ. "ನಿನ್ನ ಮೇಲೆ ಹೊಟ್ಟೆಕಿಚ್ಚಮ್ಮ. ಬೇರೇನೂ ಅಲ್ಲ."

ಅಬು ಹಾತಿಮ್ ಯಂತ್ರಕ್ಕೆ ಹೋಗುವ ಕರೆಗಳನ್ನು ನಿಲ್ಲಿಸಿದ. ಪರವಾಗಿಲ್ಲ ಬಿಡಿ ಎಂದು ಸೀರೀನ್ ಹೇಳಲಿಲ್ಲ. ಕಣ್ಣು ಒರೆಸಿಕೊಂಡು, ಕೀಬೋರ್ಡನ್ನು ಹತ್ತಿರಕ್ಕೆಳೆದು ಆ ಸಾಲನ್ನು ಸೇರಿಸಿದಳು. ಆಮೇಲೆ ಅವರ ಮುಖವನ್ನೇ ನೋಡುತ್ತ ಕೇಳಿದಳು:

"ಇಂಥವು ಇನ್ನೂ ಎಷ್ಟಿವೆ?"

ಇಲ್ಲವೆಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಆರು," ಎಂದರು ನಾಯೆಫ್. ತಮ್ಮ ಕುರ್ಚಿಯನ್ನು ಅವಳ ಮೇಜಿನ ಬಳಿಗೆ ಎಳೆದುಕೊಂಡು, ಮೊದಲನೆಯದರಿಂದ ಹೇಳತೊಡಗಿದರು.