ಬೀಗರಿಗೊಂದು ದುರ್ಬೀನು

ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನಬಾರದು. ನನ್ನ ಅವ್ವ ಬಸಲಿಂಗವ್ವ ಬಿಜಾಪುರದಿಂದ ಲಂಡನ್ನಿನ ಫೆಲ್ಥಮ್‌ಗೆ ಬರುವಾಗ ಹೊತ್ತು ತಂದ ಸಾಮಾನುಗಳಲ್ಲಿ ಈ ನಿಯಮವೂ ಒಂದು. ಉಳಿದವು ಒಡೆದವು, ಸವೆದವು, ಕೌನ್ಸಿಲಿನವರ ಕಸದ ಗಾಡಿಯಲ್ಲಿ ಹೋದವು. ಇದು ಮಾತ್ರ ಹಾಗೇ ಉಳಿದಿದೆ.

ಹಾಗಾಗಿ ೧೯೯೮ರ ಸೆಪ್ಟೆಂಬರಿನಲ್ಲಿ, ನನ್ನ ತಂಗಿ ಅಂಕಿತಾಳ ಮದುವೆಯ ಮಾತಿಗೆಂದು ಕ್ರೋಯ್ಡನ್ನಿನಲ್ಲಿರುವ ಉತ್ತಯ್ಯನವರ ಮನೆಗೆ ಹೋದಾಗ, ಚಹಾ ಆರುವ ಮೊದಲೇ ಅವ್ವ ಕೇಳಿಬಿಟ್ಟಳು.

"ಬೀಗರ, ನಿಮಗೇನ ಕೊಡೂಣ್ರಿ? ಬಾಯಿಬಿಟ್ಟು ಹೇಳ್ರಿ, ಸಂಕೋಚ ಮಾಡಬ್ಯಾಡ್ರಿ."

ಉತ್ತಯ್ಯನವರು ಕೊಡಗಿನವರು. ನೆಟ್ಟಗೆ ಕೂರುವ, ಕಡಿಮೆ ಮಾತಿನ, ದೊಡ್ಡ ಮೀಸೆಯ ಮನುಷ್ಯ. ಏನೂ ಬೇಡ ಅಂದರು. ಅವ್ವ ಬಿಡಲಿಲ್ಲ. ನಿಮ್ಮ ಮಗಳನ್ನು ಕೊಡ್ತಿದ್ದೀರಲ್ಲ ಅಂದರು. ಅವ್ವ ಅದಕ್ಕೂ ಬಿಡಲಿಲ್ಲ. ಕೊನೆಗೆ ಸೋತು, "ಹಾಗಾದ್ರೆ ಒಂದು ಬೈನಾಕ್ಯುಲರ್ ಕೊಡಿ. ನನ್ನ ಹಳೇದರೊಳಗೆ ಮಂಜು ಕಟ್ಕೊಂಡಿದೆ," ಅಂದರು.

"ದುರ್ಬೀನು! ಅಷ್ಟ ಹೌದಲ್ರಿ? ಕೊಟ್ಟೆ ಅಂತ ತಿಳೀರಿ," ಎಂದಳು ಅವ್ವ. ಓವಲ್ ಮೈದಾನದಲ್ಲಿ ಕ್ರಿಕೆಟ್ ನೋಡಲಿಕ್ಕೆ ಎಂದು ಅವಳೇ ತಿಳಿದುಕೊಂಡಳು. ಆಮೇಲೆ ಕಣ್ಣೆತ್ತಿ ನೋಡಿದಳು. "ಅದ್ಯಾಕ್ರಿ ಗ್ವಾಡಿಗೆ ಚಾದರ ಹೊಚ್ಚೀರಿ?"

ಹಾಲಿನ ಗೋಡೆಯಲ್ಲಿ ಮೂರು ಕಡೆ ಬೆಡ್‌ಶೀಟುಗಳು ಉಬ್ಬಿಕೊಂಡು ನಿಂತಿದ್ದವು. ಮದುಮಗ ದೇವಯ್ಯ ತಡವರಿಸಿದ. "ಪೇಂಟಿಂಗ್ ನಡೀತಿದೆ, ಆಂಟಿ." ಒಂದು ಬೆಡ್‌ಶೀಟಿನ ಅಂಚಿನಿಂದ ಕೊಂಬಿನ ತುದಿ ಇಣುಕುತ್ತಿತ್ತು. ನಾನು ನೋಡಿದೆ. ಅಂಕಿತಾ ನೋಡಿದಳು. ಅವ್ವ ಬಿಸ್ಕತ್ತು ತೆಗೆದುಕೊಂಡಳು.

ನಿಜ ಹೇಳಿದವಳು ಅಂಕಿತಾಳೇ. ಮುಚ್ಚಿಟ್ಟು ಮದುವೆಯಾಗಲಾರೆ ಅಂದುಕೊಂಡು, ಅಡುಗೆಮನೆಯಲ್ಲಿ ಅವ್ವ ರೊಟ್ಟಿ ತಟ್ಟುವಾಗ ಹೇಳಿದಳು. ಸಸೆಕ್ಸಿನಲ್ಲಿ ಒಬ್ಬ ರೈತನ ಕಾಡಿದೆ, ಜಿಂಕೆಗಳು ಅವನ ಬೆಳೆ ತಿನ್ನುತ್ತವೆ, ಮಾವನವರಿಗೆ ಕೋವಿಯ ಲೈಸೆನ್ಸ್ ಇದೆ, ರೈತನ ಒಪ್ಪಿಗೆಯೂ ಇದೆ, ಶುಕ್ರವಾರ ಬೇಟೆಗೆ ಹೋಗುತ್ತಾರೆ, ದುರ್ಬೀನು ಕೇಳಿದ್ದೂ ಅದಕ್ಕೇ.

"ಚಿಗರಿ ಹೊಡೀತಾನ?" ಎಂದಳು ಅವ್ವ. ತವೆಯ ಮೇಲಿನ ರೊಟ್ಟಿ ಸೀದು ಕರಿ ಆಯಿತು. ಮೂವತ್ತು ವರ್ಷ ಹೀಥ್ರೋದ ಅಡುಗೆ ಕಾರ್ಖಾನೆಯಲ್ಲಿ ವಿಮಾನದ ಊಟದ ತಟ್ಟೆ ತುಂಬಿದವಳು ಅವ್ವ. ಅಲ್ಲಿಯೂ ಮಾಂಸದ ಸಾಲಿಗೆ ನಿಲ್ಲದೆ ಹಣ್ಣು-ಬೆಣ್ಣೆಯ ಸಾಲಿನಲ್ಲೇ ರಿಟೈರ್ ಆದವಳು.

ಆ ರಾತ್ರಿ ಅವಳು ತೀರ್ಮಾನ ಹೇಳಿದಳು. "ಕೊಟ್ರ ಪಾಪ. ಕೊಡಲಿಲ್ಲಂದ್ರ ಮಾತು ತಪ್ಪಿದಂಗ. ಯಾವ ಮಾರಿ ಹೊತ್ಕೊಂಡು ಬೀಗರ ಎದುರಿಗೆ ಕುಂಡ್ರಲಿ? ನಿಶ್ಚಯಕ್ಕ ನೀವ ಹೋಗ್ರಿ. ನಾ ಬರಂಗಿಲ್ಲ."

"ನೀ ಬರದಿದ್ರ ನಾ ಉಂಗುರ ಹಾಕ್ಕೊಳ್ಳೂದಿಲ್ಲ," ಎಂದಳು ಅಂಕಿತಾ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಹಿರಿಯರೆಂದರೆ ಅವ್ವ ಒಬ್ಬಳೇ. ತಾಯಿ, ಮಗಳು ಮಾತು ಬಿಟ್ಟರು. ಉಪ್ಪು ಬೇಕಾದರೂ ನನ್ನ ಮೂಲಕವೇ ಕೇಳುತ್ತಿದ್ದರು.

ನಿಶ್ಚಯಕ್ಕೆ ಒಂದು ವಾರ ಇರುವಾಗ ನಾನು ಗೆಳೆಯ ಸತ್ಯಪ್ರಕಾಶನ ಬಳಿ ಹೋದೆ. ಬೆಂಗಳೂರಿನವನು, ಕ್ಯಾಮೆರಾ-ದುರ್ಬೀನುಗಳ ಅಂಗಡಿಯಲ್ಲಿ ಸೇಲ್ಸ್‌ಮನ್. ತಾನು ಮಾರುವ ಪ್ರತಿ ಗಾಜನ್ನೂ ತಾನೇ ಉಜ್ಜಿ ಮಾಡಿದಂತೆ ಮಾತಾಡುತ್ತಾನೆ. ಬೀಗರಿಗೆ ಯಾವುದಾದರೂ ಒಂದು ಕೊಡು, ದೂರದ್ದು ಕಂಡರಾಯಿತು ಅಂದೆ.

"ಏನಕ್ಕೆ ಗುರು? ಹಕ್ಕಿಗಾ, ಕುದುರೆ ರೇಸಿಗಾ?"

"ಬೇಟೆಗೆ."

ಅವನು ತೆಗೆದಿಟ್ಟ ಪೆಟ್ಟಿಗೆಗಳನ್ನೆಲ್ಲ ವಾಪಸ್ ಒಳಗಿಟ್ಟ. "ಮೊದಲೇ ಹೇಳ್ಬಾರ್ದಾ! ಹಗಲಲ್ಲಿ ಎಲ್ಲಾ ಗಾಜೂ ಚೆನ್ನಾಗೇ ಇರ್ತವೆ. ಜಿಂಕೆ ಹೊರಗೆ ಬರೋದೇ ಮುಳುಗೋ ಹೊತ್ತಿಗೆ. ಸೂರ್ಯ ಮುಳುಗಿ ಒಂದು ಗಂಟೆವರೆಗೂ ಹೊಡೀಬಹುದು ಅಂತ ಇಲ್ಲಿನ ಕಾನೂನು. ಆ ಒಂದು ಗಂಟೇಲಿ ಏನು ಕಾಣುತ್ತೆ, ಅದೇ ಪರೀಕ್ಷೆ. ನಿನ್ನ ಬೀಗರಿಗೆ ವಯಸ್ಸೆಷ್ಟು?"

"ಅರವತ್ತೆರಡು."

"ಹಾಗಾದ್ರೆ ನಿನ್ನ ಕಣ್ಣು ಬೇಡ. ನಂದೂ ಬೇಡ." ಕತ್ತಲಲ್ಲಿ ಕಣ್ಣಿನ ಪಾಪೆ ಹಿಗ್ಗುತ್ತದೆ, ವಯಸ್ಸಾದ ಹಾಗೆ ಹಿಗ್ಗುವುದು ಕಡಿಮೆಯಾಗುತ್ತದೆ ಎಂದು ಅವನು ವಿವರಿಸಿದ. ದೊಡ್ಡ ಗಾಜು ಎಷ್ಟೇ ಬೆಳಕು ತಂದು ಸುರಿದರೂ ಚಿಕ್ಕ ಪಾಪೆಯೊಳಗೆ ಹಿಡಿಸುವುದು ಸ್ವಲ್ಪವೇ. ಉಳಿದದ್ದು ಹೊರಗೆ ಚೆಲ್ಲಿಹೋಗುತ್ತದೆ. "ಹುಡುಗರು ದೊಡ್ಡದನ್ನ ಆರಿಸ್ತಾರೆ, ಪಾಪ ಅಪ್ಪಂದಿರು ಹೊತ್ಕೊಂಡು ಬೆಟ್ಟ ಹತ್ತುತಾರೆ. ಅವರ ವಯಸ್ಸಿನ ಕಣ್ಣು ತಗೊಂಬಾ. ಗುರುವಾರ ರಿಚ್ಮಂಡ್ ಪಾರ್ಕಿಗೆ ಹೋಗೋಣ, ಜಿಂಕೆಗಳ ಮೇಲೇ ನೋಡೋಣ."

ಅರವತ್ತು ದಾಟಿದ ಕಣ್ಣು ನಮ್ಮ ಮನೆಯಲ್ಲಿ ಒಂದೇ ಜೋಡಿ ಇತ್ತು.

ಅವ್ವ ಹೊಡೆದೇ ಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು "ಬರ್ತೀನಿ," ಅಂದಳು. ಅವಳ ಲೆಕ್ಕ ಬೇರೆ ಇತ್ತು. "ಎಲ್ಲಾ ನೋಡ್ತೀನಿ. ಯಾವುದೂ ಬರಾಬ್ಬರಿ ಇಲ್ಲಂದ್ರ ಏನ ಮಾಡೂದು? ಸಿಗಲಿಲ್ಲ ಅಂತ ಬೀಗರಿಗೆ ಹೇಳಿದ್ರ ಮಾತು ತಪ್ಪಿದಂಗ ಆಗೂದಿಲ್ಲ. ಮತ್ತೇನರ ಕೊಟ್ರಾತು."

"ಬರಾಬ್ಬರಿ ಇದ್ರ?"

"ಇರಂಗಿಲ್ಲ," ಎಂದಳು.

ಗುರುವಾರ ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ ನಡೆದು ಒಳಗೆ ಹೋದೆವು. ಇಷ್ಟು ವರ್ಷ ಇಷ್ಟು ಹತ್ತಿರ ಇದ್ದೂ ನಾನು ಅಲ್ಲಿಗೆ ಹೋಗಿರಲಿಲ್ಲ. ಲಂಡನ್ ಅಂದರೆ ಇಟ್ಟಿಗೆ, ಬಸ್ಸು, ಒದ್ದೆ ಕೊಡೆಗಳು ಅಂದುಕೊಂಡಿದ್ದ ನನ್ನ ಎದುರಿಗೆ ಊರೇ ಇಲ್ಲದ ಒಂದು ಜಾಗ ಬಿಚ್ಚಿಕೊಂಡಿತು. ಸೊಂಟದೆತ್ತರದ ಕಂದು ಜರಿಗಿಡ, ಅದರಾಚೆ ಒಂದೊಂದೇ ನಿಂತ ಓಕ್ ಮರಗಳು. ತಲೆಯ ಮೇಲೆ ಹೀಥ್ರೋಗೆ ಇಳಿಯುವ ವಿಮಾನಗಳು ದೀಪ ಹಚ್ಚಿಕೊಂಡು ಸಾಲಾಗಿ ಬರುತ್ತಿದ್ದವು. ಆ ವಿಮಾನಗಳ ಕೆಳಗೆ ಏನೋ ಕೂಗಿತು. ಕೋಣ ಅಲ್ಲ, ಹುಲಿ ಅಲ್ಲ. ಹಳೆಯ ಮನೆಯ ಭಾರದ ಬಾಗಿಲನ್ನು ಯಾರೋ ನೆಲದ ಮೇಲೆ ಎಳೆದ ಹಾಗೆ.

"ಯಪ್ಪಾ! ಏನದು?" ಅವ್ವ ನನ್ನ ತೋಳು ಹಿಡಿದಳು.

"ಗಂಡು ಸಾರಂಗ, ಆಂಟಿ. ಅಕ್ಟೋಬರ್ ಅಲ್ವಾ, ಹೆಣ್ಣು ಹುಡುಕೋ ಕಾಲ," ಎಂದ ಸತ್ಯಪ್ರಕಾಶ. "ಕೂಗಿ ಕೂಗಿ ಊಟಾನೂ ಬಿಡುತ್ತೆ."

"ನಿನ್ನಂಗ ಅಲ್ಲ ಬಿಡು," ಎಂದು ಅವ್ವ ನನ್ನ ಕಡೆ ನೋಡಿದಳು.

ಸೂರ್ಯ ಮುಳುಗಿದ. ಸತ್ಯಪ್ರಕಾಶ ಬೇಕೆಂದೇ ಕಾದ. ಹುಲ್ಲಿನ ಬಣ್ಣ ಹೋಯಿತು, ಆಮೇಲೆ ಮರಗಳ ಬಣ್ಣ. ದೂರದಲ್ಲಿ ಜರಿಗಿಡದ ನಡುವೆ ಒಂದು ಕಪ್ಪು ಕಲೆ ಉಳಿಯಿತು, ಪೊದೆಯೋ ಪ್ರಾಣಿಯೋ ತಿಳಿಯದ ಹಾಗೆ. ಕೂಗು ಬರುತ್ತಿದ್ದುದು ಅಲ್ಲಿಂದಲೇ.

ಅವನು ಮೊದಲು ಒಂದು ಪುಟ್ಟ ದುರ್ಬೀನು ಕೊಟ್ಟ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ ಅಂದ. ಅವ್ವ ಕನ್ನಡಕ ತೆಗೆದು, ಎರಡು ಬೆರಳಿನಲ್ಲಿ ಅದನ್ನು ಹಿಡಿದು ನೋಡಿದಳು.

"ನಡಗತೈತಿ. ಥಂಡಿ ಜ್ವರ ಬಂದಾವ್ರು ನೋಡಿದಂಗ. ಕತ್ತಲಿ ಬ್ಯಾರೆ." ವಾಪಸ್ ಕೊಟ್ಟಳು. ಮುಖದಲ್ಲಿ ಸಮಾಧಾನವಿತ್ತು.

ಎರಡನೆಯದು ಎರಡು ಕೈ ಬೇಡುವಂಥದ್ದು. ಅದರ ಮುಂದಿನ ಗಾಜುಗಳು ಚಹಾ ಬಸಿಗಳಷ್ಟು ದೊಡ್ಡವು. ನಾನು ಮೊದಲು ನೋಡಿದೆ. ಯಾರೋ ಮತ್ತೆ ದೀಪ ಹಾಕಿದ ಹಾಗಿತ್ತು. ನನಗಂತೂ ಇದೇ ಸಾಕು ಅನಿಸಿತು. ಅವ್ವ ಎತ್ತಿದಳು, ಇಳಿಸಿದಳು. "ಒಳ್ಳಕಲ್ಲ ಐತೆಲ್ಲೊ ಇದು! ಇದನ್ನ ಕೊಳ್ಳಾಗ ಹಾಕ್ಕೊಂಡು ಬೀಗರು ಹಾಳಬಾವಿಗೆ ಬೀಳಬೇಕೇನು?"

"ಬೆಳಕು ಹೆಂಗೈತಿ ಅವ್ವ?"

"ಬೆಳಕ ಐತಿ ಖರೆ, ಕೈ ಸೋಲತಾವ." ಎರಡು ತಿರಸ್ಕಾರವಾದವು. ಇನ್ನೊಂದು ಆದರೆ ಮನೆಗೆ ಹೋಗಬಹುದು, ಬೀಗರಿಗೆ ಶಾಲೋ ಗಡಿಯಾರವೋ ತೆಗೆದುಕೊಳ್ಳಬಹುದು ಎಂಬುದು ಅವಳ ನಿಲುವಿನಲ್ಲೇ ಕಾಣುತ್ತಿತ್ತು. ಮೂರನೆಯದಕ್ಕೆ ತಾನೇ ಕೈ ಚಾಚಿದಳು.

ಅದು ನಡುವಿನದು. ಎಂಟು ಪಟ್ಟು, ಹಿಡಿಗೆ ಸರಿಯಾಗುವ ತೂಕ. ಅವ್ವ ಕಣ್ಣಿಗಿಟ್ಟಳು. ಬೆರಳು ನಡುವಿನ ಚಕ್ರವನ್ನು ತಿರುಗಿಸಿತು, ನಿಂತಿತು.

ಒಂದು ವಿಮಾನ ಹೋಯಿತು. ಇನ್ನೊಂದು ಹೋಯಿತು. ಅವ್ವ ನಿಂತೇ ಇದ್ದಳು. ನನಗೆ ಸ್ವಲ್ಪ ಹೆದರಿಕೆಯಾಯಿತು. ಯಾಕೆಂದರೆ ಅವಳ ಬಾಯಿ ತೆರೆದಿತ್ತು, ಇಪ್ಪತ್ತೇಳು ವರ್ಷದಲ್ಲಿ ಅವಳು ಹೀಗೆ ಬಾಯಿ ತೆರೆದು ನಿಂತದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಎಡಗೈ ದುರ್ಬೀನನ್ನು ಬಿಟ್ಟು ಕೆಳಗೆ ಬಂದು, ಇಳಕಲ್ ಸೀರೆಯ ಸೆರಗನ್ನು ಹುಡುಕಿ, ಕಾರ್ಡಿಗನ್ನಿನ ಮೇಲಿಂದ ಎಳೆದು ತಲೆಗೆ ಹೊದಿಸಿತು. ಹಿರಿಯರು ಎದುರಿಗೆ ಬಂದಾಗ ಹೊದೆಯುವ ಹಾಗೆ.

"ಏನು ಕಾಣತೈತಿ ಅವ್ವ?"

"ಬಾಸಿಂಗ ಕಟ್ಟ್ಯಾನ," ಎಂದಳು ಪಿಸುಮಾತಿನಲ್ಲಿ.

"ಯಾರು?"

"ಅಂವ. ಮದುಮಗ."

ನಾನು ಇಸಿದುಕೊಂಡು ನೋಡಿದೆ. ಕಪ್ಪು ಕಲೆ ಇದ್ದಲ್ಲಿ ಒಬ್ಬ ರಾಜ ನಿಂತಿದ್ದ. ಕೊರಳ ಕೂದಲು ಕೆಸರಿನಿಂದ ಜಡೆಗಟ್ಟಿತ್ತು. ಕವಲು ಕವಲಾದ ಕೊಂಬುಗಳ ತುಂಬ ಜರಿಗಿಡದ ಗರಿಗಳು ಸಿಕ್ಕಿಕೊಂಡು ಹಣೆಯ ಎರಡೂ ಕಡೆ ಜೋಲುತ್ತಿದ್ದವು, ಹಾಗೇ, ನಮ್ಮ ಮದುವೆಗಳಲ್ಲಿ ಗಂಡಿನ ಹಣೆಗೆ ಕಟ್ಟುವ ಬಾಸಿಂಗದ ಹಾಗೇ. ಅವನು ತಲೆಯನ್ನು ಹಿಂದಕ್ಕೆ ಚೆಲ್ಲಿದ. ಬಾಯಿಂದ ಬಿಳಿಯ ಉಸಿರು ಹೊರಟು ಗಾಳಿಯಲ್ಲಿ ನಿಂತಿತು. ಉಸಿರು ಕಂಡಾದ ಮೇಲೆ ಕೂಗು ನಮ್ಮನ್ನು ಮುಟ್ಟಿತು. ಆ ನಡುವಿನ ಒಂದು ಕ್ಷಣದಲ್ಲಿ ನನಗೆ ಜಗತ್ತಿನ ಅಂಚು ಕಂಡ ಹಾಗಾಯಿತು. ದುರ್ಬೀನು ಇಳಿಸಿದೆ. ಎದುರಿಗೆ ಬರೀ ಕತ್ತಲೆ, ಒಂದು ಪೊದೆ. ಮತ್ತೆ ಎತ್ತಿದೆ. ಇದ್ದ. ಅಷ್ಟು ಹೊತ್ತೂ ಇದ್ದ, ನಾವು ನೋಡದಿದ್ದಾಗಲೂ ಅಷ್ಟೇ ಪೂರ್ತಿಯಾಗಿ ಇದ್ದ.

"ನಿಜ ಆಂಟಿ, ಈ ಕಾಲದಲ್ಲಿ ಬೇಕಂತಲೇ ಗಿಡಕ್ಕೆ ಕೊಂಬು ಉಜ್ಜಿ ಹಂಗೆ ಸಿಂಗಾರ ಮಾಡ್ಕೊಳ್ತವೆ," ಎಂದ ಸತ್ಯಪ್ರಕಾಶ. ಅವನೂ ದನಿ ತಗ್ಗಿಸಿದ್ದ.

ಅವ್ವ ದುರ್ಬೀನನ್ನು ನನ್ನಿಂದ ಕಿತ್ತುಕೊಂಡು ಮತ್ತೆ ನೋಡಿದಳು. ಏನೂ ಕಾಣದಷ್ಟು ಕತ್ತಲಾಗುವವರೆಗೂ ನೋಡಿದಳು. ಕಾರಿನ ಕಡೆ ನಡೆಯುವಾಗ ನಾನೇ ಕೇಳಬೇಕಾಯಿತು. "ಹಂಗಾದ್ರ? ಬರಾಬ್ಬರಿ ಇಲ್ಲ ಅಂತ ಹೇಳೂಣ?"

"ದೊಡ್ಡದರಾಗ ಎಷ್ಟ ಬೆಳಕಿತ್ತು, ಇದರಾಗೂ ನನಗ ಅಷ್ಟ ಕಂಡ್ತು. ಕೈಯೂ ನಡುಗಲಿಲ್ಲ. ಇದು ಬರಾಬ್ಬರಿ ಐತಿ." ಸೋತವಳ ದನಿ. "ಸುಳ್ಳ ಹ್ಯಾಂಗ ಹೇಳಲಿ? ಅಂವನ್ನ ನೋಡಿ ಬಂದು ಸುಳ್ಳ ಹೇಳಾಕ ನನಗ ಬಾಯಿ ಬರಂಗಿಲ್ಲ."

"ಅಂದ್ರ ನಿಶ್ಚಯಕ್ಕ ಬರ್ತಿ?"

"ಬರ್ತೀನಿ. ಬೀಗರ ಕೂಡ ನಂದೂ ಮಾತೈತಿ."

ಏನು ಮಾತೆಂದು ಅವಳು ಹೇಳಲಿಲ್ಲ. ಅಂಕಿತಾ ಎರಡು ದಿನ ಉಗುರು ಕಚ್ಚಿದಳು. ಈ ದುರ್ಬೀನು ಕೊಡುತ್ತಲೇ ಬೇಟೆ ಬಿಡಿ ಅಂತ ಕೇಳಿಬಿಟ್ಟರೆ? ಕೊಡಗಿನ ಮನುಷ್ಯನಿಗೆ ಕೋವಿ ಬಿಡು ಅನ್ನುವುದೂ, ಅವ್ವನಿಗೆ ಕೊರಳ ಲಿಂಗ ಬಿಚ್ಚು ಅನ್ನುವುದೂ ಒಂದೇ.

ಭಾನುವಾರ ಕ್ರೋಯ್ಡನ್ನಿನ ಬಾಡಿಗೆ ಹಾಲಿನಲ್ಲಿ, ಎರಡೂ ಕಡೆಯವರು ಎದುರುಬದುರು ಕೂತಿದ್ದಾಗ, ಅವ್ವ ಎದ್ದು ಪೆಟ್ಟಿಗೆಯನ್ನು ಉತ್ತಯ್ಯನವರ ಕೈಗೆ ಕೊಟ್ಟಳು. ಅವರು ತೆರೆದರು. ಕಣ್ಣಿಗಿಟ್ಟು, ಹಾಲಿನ ತುದಿಯ ಮಬ್ಬು ಮೂಲೆಯನ್ನು ನೋಡಿದರು. ಮೀಸೆಯ ಕೆಳಗೆ ಏನೋ ಆಯಿತು.

"ಇದನ್ನ ಯಾರು ಆರಿಸಿದ್ದು? ನನ್ನ ಕಣ್ಣಿಗೆ ಅಳತೆ ತಗೊಂಡು ಮಾಡಿದ ಹಾಗಿದೆಯಲ್ಲ!"

"ನಾನ ಆರಿಸೀನ್ರಿ. ಬೀಗರ, ನೀವು ಬಾಯಿಬಿಟ್ಟು ಕೇಳಿದ್ರಿ, ಕೊಟ್ಟೆ. ಈಗ ನಾ ಒಂದು ಕೇಳಲಿ?"

ಅಂಕಿತಾ ನನ್ನ ಮೊಣಕೈ ಚಿವುಟಿದಳು.

"ಕೇಳಿ ಅಮ್ಮ," ಎಂದರು ಉತ್ತಯ್ಯ, ಸ್ವಲ್ಪ ಎಚ್ಚರದಿಂದ.

"ನೀವು ಕಾಡಿಗೆ ಹೋಗುಮುಂದ ಒಮ್ಮೆ ನನ್ನೂ ಕರಕೊಂಡು ಹೋಗ್ರಿ. ಮೊದಲ ನಾ ನೋಡ್ತೀನಿ. ನನ್ನ ನೋಡೂದ ಮುಗದ ಮ್ಯಾಲ ನಿಮ್ಮ ಕೆಲಸ ನೀವು ಮಾಡ್ರಿ. ನಾ ಬ್ಯಾಡ ಅನ್ನಂಗಿಲ್ಲ."

ದೇವಯ್ಯ ಗೊಳ್ಳೆಂದು ನಕ್ಕ. ಅವನ ಅಪ್ಪ ನಗಲಿಲ್ಲ. "ಎಷ್ಟು ಹೊತ್ತು ನೋಡ್ತೀರಿ?"

"ಅದನ್ನ ಹ್ಯಾಂಗ ಹೇಳಾಕ ಬರತೈತ್ರಿ?"

ಉತ್ತಯ್ಯನವರು ದುರ್ಬೀನಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಮಗನಿಗೆ ಕೇಳದ ಹಾಗೆ ಬಾಗಿ, "ನೋಡ್ತಾ ನೋಡ್ತಾ ಹೊತ್ತು ಮೀರಿ ನಾನೂ ಬರಿಗೈಲಿ ಬಂದಿದ್ದೀನಮ್ಮ. ಎಷ್ಟೋ ಸಲ. ಮನೇಲಿ ಹೇಳಿಲ್ಲ," ಎಂದರು. ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದರು: "ಆಯ್ತು. ಶುಕ್ರವಾರ ಕಾರು ತರ್ತೀನಿ. ದಪ್ಪ ಸ್ವೆಟರ್ ಹಾಕ್ಕೊಳ್ಳಿ."

"ನನ್ನ ಸೀರಿ ಎಲ್ಲಾ ಕೆಂಪ ಅದಾವ್ರಿ. ನೋಡಿ ಓಡಿಹೋದ್ರ?"

"ಕೆಂಪು ಅವಕ್ಕೆ ಸರಿಯಾಗಿ ಕಾಣೋದಿಲ್ಲ. ನೀವು ಅಲುಗಾಡದೆ ಕೂತ್ರೆ ಸಾಕು, ಅವಕ್ಕೆ ನೀವು ಅಲ್ಲಿ ಇರೋದೇ ಇಲ್ಲ."

"ಖರೇನ್ರಿ?" ಎಂದಳು ಅವ್ವ. ಅಂಕಿತಾ ಉಂಗುರಕ್ಕೆ ಕೈ ಚಾಚಿದಾಗಲೂ, ಅವ್ವ ತನ್ನ ಸೆರಗನ್ನು ಅಂಗೈ ಮೇಲೆ ಹರವಿಕೊಂಡು ಅದರ ಕೆಂಪನ್ನೇ ನೋಡುತ್ತಿದ್ದಳು.