ಬ್ರೆಡ್ಡಿನ ಡ್ರಾಯರಿನಲ್ಲಿದ್ದ ಕೆತುಬಾ

ಮನೆಯಲ್ಲಿ ಬ್ರೆಡ್ಡಿನ ಚೂರೂ ಉಳಿಯಬಾರದ ನಮ್ಮ ಯಹೂದಿಗಳ ಪೆಸಾಹ್ ಹಬ್ಬ ಶುರುವಾಗುವ ದಿನ ಬೆಳಿಗ್ಗೆ ಹತ್ತೂವರೆಗೆ, ಜೆರುಸಲೇಮಿನ ನಮ್ಮ ವಠಾರದ ಅಂಗಳದಲ್ಲಿ, ಉಳಿದ ಬ್ರೆಡ್ಡಿನ ಜೊತೆ ಅಕ್ಕನ ಕೆತುಬಾವನ್ನೂ ಸುಟ್ಟೆ. ಬೆಂಕಿಯಲ್ಲಿ ಲಕೋಟೆ ಬಿಚ್ಚಿಕೊಂಡಾಗಲೇ ಗೊತ್ತಾದದ್ದು. ಅಕ್ಕನ ಹೆಸರು, ಅನ್ಷೆಲ್ ಭಾವನ ಹೆಸರು, ಇಬ್ಬರು ಸಾಕ್ಷಿಗಳ ಸಹಿ. ಕೋಲಿನಿಂದ ಎಳೆಯುವಷ್ಟರಲ್ಲಿ ಎಲ್ಲ ಕಪ್ಪಾಗಿತ್ತು.

ಮದುವೆಯ ಆ ಪತ್ರ ಅಮ್ಮನ ಕಪಾಟಿನಲ್ಲಿರಬೇಕಿತ್ತು. ಅದರಲ್ಲಿ ಅಕ್ಕನ ಹೆಸರು ಹೇಗೆ ಕಾಣುತ್ತದೆಂದು ನೋಡುವ ಆಸೆಗೆ ವಾರದ ಹಿಂದೆ ಕಪಾಟು ತೆರೆದಿದ್ದಾಗ ನಾನೇ ಕದ್ದು ತೆಗೆದಿದ್ದೆ. ಅಮ್ಮನ ಚಪ್ಪಲಿಯ ಸದ್ದಾಗಿ ಬ್ರೆಡ್ಡಿನ ಡ್ರಾಯರಿಗೆ ತುರುಕಿದೆ. ಮನೆ ತೊಳೆಯುವ ಗಡಿಬಿಡಿಯಲ್ಲಿ ಮರೆತೆ. "ಆ ಡ್ರಾಯರಲ್ಲಿರೋದೆಲ್ಲ ಬೆಂಕಿಗೆ ಹಾಕು" ಎಂದಿದ್ದಳು ಅಮ್ಮ.

ಕೆತುಬಾ ಇಲ್ಲದೆ ಗಂಡ ಹೆಂಡತಿ ಒಂದು ಗಂಟೆಯೂ ಒಟ್ಟಿಗೆ ಇರುವಂತಿಲ್ಲ. ಸಂಜೆ ಹಬ್ಬ ಶುರುವಾದರೆ ಹೊಸದನ್ನು ಬರೆಯುವಂತಿಲ್ಲ. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಏಳು ವಾರದ ಅಕ್ಕ ಭಾವ ಹಬ್ಬಕ್ಕೆ ಬಂದಿದ್ದರು. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದರು. ಆ ಬಾಗಿಲ ಮುಂದೆ ನಾನು ಮೂರು ಸಲ ಹಾದುಹೋದೆ.

ನಾಲ್ಕಕ್ಕೆ ಎದ್ದು ಬಂದ ಫ್ರೂಮಾ ಅಕ್ಕ ಹಬ್ಬದ ಊಟಕ್ಕೆ ಖಾರದ ಬೇರು ತುರಿಯತೊಡಗಿದಳು.

"ಏನೇ ಬ್ರೈನಾ, ತುರೀತಿರೋದು ನಾನು, ಕಣ್ಣೀರು ನಿನಗಾ?"

ಹೇಳಿಬಿಟ್ಟೆ. ಅವಳ ಕೈ ನಿಂತಿತು.

"ಯಾವಾಗ?"

"ಹತ್ತೂವರೆಗೆ."

ಅವಳು ಗೋಡೆಯ ಗಡಿಯಾರ ನೋಡಿದಳು, ಹಿಂದಿನ ಕೋಣೆಯ ಕಡೆ ನೋಡಿದಳು. ಮುಖ ಕೆಂಪಾಯಿತು. ಬೈಯದೆ ಭಾವನನ್ನು ಕೂಗಿದಳು.

"ರೀ, ಕೆತುಬಾ ಕಾಣ್ತಿಲ್ಲ. ಕೆಳಗೆ ರಬ್ಬಿ ಕಲ್ಮನ್ ಹತ್ರ ಓಡಿ. ಬರೆಸೋ ತನಕ ಮೇಲೆ ಬರಬೇಡಿ!"

ಎದುರುಮನೆಯ ಇಬ್ಬರು ಸ್ನಾನದ ಒದ್ದೆ ಗಡ್ಡದಲ್ಲೇ ಸಾಕ್ಷಿಗೆ ಬಂದರು. ಅಮ್ಮ, ಅಕ್ಕ, ನಾನು ಮೆಟ್ಟಿಲಲ್ಲಿ ನಿಂತೆವು. ರಬ್ಬಿ ಪೆನ್ನು ಹಿಡಿದು ಕೇಳಿದರು, "ಮೊದಲಿನದು ಕಳೆದುಹೋಯ್ತು ಅಂತ ಬರೀಲಾ?"

"ಹೂಂ, ಕಳೆದುಹೋಯ್ತು" ಎಂದಳು ಅಕ್ಕ, ನನ್ನ ಕಡೆ ತಿರುಗದೆ.

"ನಂದೇ ತಪ್ಪು" ಎಂದಳು ಅಮ್ಮ. "ಎಲ್ಲಿಟ್ಟೆನೋ ಏನೋ. ಈ ತಲೇಲಿ ಈಗ ಸಾಬೂನಿನ ನೊರೆ ಮಾತ್ರ ಉಳಿದಿದೆ." ಸಾಕ್ಷಿಗಳು ನಕ್ಕರು. ಅಮ್ಮ ನಗಲಿಲ್ಲ.

ಹೊತ್ತು ಮುಳುಗಲು ಇನ್ನೂ ಮುಕ್ಕಾಲು ಗಂಟೆ ಇರುವಾಗ ಹೊಸ ಪತ್ರ ಅಕ್ಕನ ಕೈಗೆ ಬಂತು. ಮೇಲೆ ಬಂದು ಅವಳು ಅದನ್ನು ಅಮ್ಮನಿಗೆ ಚಾಚಿದಳು.

"ನನಗೆ ಬೇಡ" ಎಂದಳು ಅಮ್ಮ. "ಮತ್ತೆ ಕಳೀತೀನಿ. ಬ್ರೈನಾ, ನೀನೇ ಕಪಾಟಲ್ಲಿಡು. ನೀನು ಜೋಪಾನದವಳು."

ಅಕ್ಕ ನನಗೆ ಹೇಳಬೇಡವೆಂಬಂತೆ ತಲೆಯಾಡಿಸಿದಳು. ನನ್ನಿಂದ ತಡೆಯಲಾಗಲಿಲ್ಲ.

"ಅಮ್ಮಾ, ನೀನು ಕಳೀಲಿಲ್ಲ. ನಾನು ಕದ್ದು ತೆಗೆದೆ. ನಾನೇ ಸುಟ್ಟೆ."

ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಅಮ್ಮ ಅದನ್ನು ಸಣ್ಣ ಉರಿಗೆ ಇಳಿಸಿದಳು. ಆಮೇಲೆ ಏಪ್ರನ್ನಿನ ಜೇಬಿನಿಂದ ಕಪಾಟಿನ ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಹಾಗಾದ್ರೆ ನೀನೇ ಇಡಬೇಕು."

ಬೀಗ ಹಾಕುವವರೆಗೂ ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.