ಅರಿವಕ್ಕನ ಕಲ್ಲು

ಈರಬಸಪ್ಪ ಹಾರೆಯ ತುದಿಯನ್ನು ಕಲ್ಲಿನ ಬುಡಕ್ಕೆ ಹಾಕಿ ಒತ್ತುವಷ್ಟರಲ್ಲಿ ರೋಜಾ ಓಡಿಬಂದು ಕಲ್ಲಿನ ಮೇಲೆ ಎರಡೂ ಕೈ ಊರಿದಳು.

“ಬಿಡು ಸಣ್ಣಜ್ಜ.”

“ಕೈ ತೆಗಿ ಹುಡುಗಿ. ಪೂಜೆ ಮಾಡೋಳೇ ಹೋದ ಮ್ಯಾಲೆ ದೇವ್ರು ಹಟ್ಟೀಲಿ ಉಪಾಸ ಇರಬಾರ್ದು. ಗುಂಡಿ ತೆಗೆದಾಗೈತೆ, ಅವಳ ಜತೀಗೇ ಮಣ್ಣಾಗ್ಲಿ.”

ಓಬಕ್ಕನ ಚಟ್ಟಕ್ಕೆ ನಾಲ್ವರು ಆಗಲೇ ಹೆಗಲು ಕೊಟ್ಟಿದ್ದರು. ಈರಬಸಪ್ಪನಿಗೆ ಅವಳು ಅತ್ತಿಗೆ, ರೋಜಾಳಿಗೆ ಅಜ್ಜಿ, ಯಲ್ಲದಕೆರೆ ಪಕ್ಕದ ಈ ಹಟ್ಟಿಗೆ ಅರಿವಕ್ಕನ ಪೂಜಾರಿ. ರೋಜಾಳ ಅಪ್ಪ ರವೀಂದ್ರ ಚಟ್ಟದ ಮುಂದೆ ನೆಲ ನೋಡುತ್ತ ನಿಂತಿದ್ದ. ಚಿಕ್ಕಪ್ಪನ ಎದುರು ಬಾಯಿ ಬಿಡುವ ಆಸಾಮಿಯಲ್ಲ ಅವನು.

“ಪೂಜೆ ನಾನು ಮಾಡ್ತೀನಿ,” ಎಂದಳು ರೋಜಾ.

“ಹಿರಿಯೂರು ಕಾಲೇಜಿಗೆ ಹೋಗೋಳು ನೀನು. ನಾಳೆ ಗಂಡನ ಮನೆ. ಆಮೇಲೆ? ಕುರಿಗೆ ರೋಗ ಬಂದ್ರೆ, ಕೂಸಿಗೆ ಜ್ವರ ಬಂದ್ರೆ, ಹಟ್ಟಿ ಯಾರನ್ನ ಕೇಳ್ತೈತೆ? ನನ್ನ!”

ಅವನು ಹೆದರಿದ್ದ. ದೇವರೇ ಇಲ್ಲ, ಎಲ್ಲ ಅಜ್ಜಿಯ ಕಟ್ಟುಕತೆ ಎಂದು ರೋಜಾ ಹೇಳಿಬಿಟ್ಟರೆ ಅವನ ಭಯ ಹೋಗುತ್ತಿತ್ತು. ಅದರ ಹಿಂದೆಯೇ ಕಲ್ಲೂ ಹೋಗುತ್ತಿತ್ತು. ರೋಜಾ ಬಾಯಿ ಬಿಗಿದುಕೊಂಡಳು.

*

ಕುರಿ ಕಾಯುವಾಗ ಓಬಕ್ಕ ಪುಟ್ಟ ಮೊಮ್ಮಗಳಿಗೆ ಒಂದು ದೇಶದ ಕತೆ ಹೇಳುತ್ತಿದ್ದಳು. ಅಲ್ಲಿ ಮರಗಳು ಎದ್ದು ನೀರು ಕುಡಿಯಲು ಹೋಗುತ್ತಿದ್ದವು, ಕುರಿಗಳು ತಮ್ಮ ವಯಸ್ಸು ತಾವೇ ಹೇಳುತ್ತಿದ್ದವು. ಆ ದೇಶದ ದೇವತೆ ಅರಿವಕ್ಕ. ಅವಳಿಗೆ ಕಾಯಿ ಬೇಡ, ಹಣ್ಣು ಬೇಡ. ಅವಳನ್ನು ಮುಟ್ಟಬೇಕೆಂದರೆ ನಿನ್ನೆ ಗೊತ್ತಿಲ್ಲದೆ ಇವತ್ತು ಗೊತ್ತಾದದ್ದೊಂದನ್ನು ಹೇಳಬೇಕು.

“ನಿಜಾನಾ ಅಜ್ಜಿ?”

“ನಾನೇ ಕಟ್ಟಿದ್ದು ಕಣೆ. ಯಾರಿಗೂ ಹೇಳಬ್ಯಾಡ.” ಓಬಕ್ಕ ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದಳು.

ಮನೆ ಮುಂದಿನ ಹುಣಸೆಮರದ ಬುಡದಲ್ಲಿ ಕಲ್ಲು ನಿಲ್ಲಿಸಿದವಳೂ ಓಬಕ್ಕನೇ. ಸ್ಕೂಲಿನಿಂದ ಬಂದ ರೋಜಾ ಅದರ ಮುಂದೆ ನಿಂತು ಅವತ್ತು ಕಲಿತದ್ದನ್ನು ಹೇಳುತ್ತಿದ್ದಳು. ಓದು ಬಾರದ ಅಜ್ಜಿಗೆ ಅದೇ ಪಾಠ. ಆಮೇಲೆ ಹಟ್ಟಿಯ ಮಕ್ಕಳೆಲ್ಲ ಬಂದರು, ಮಕ್ಕಳ ಹಿಂದೆ ತಾಯಂದಿರು. ತಿಮಿಂಗಿಲ ಮರಿಗೆ ಹಾಲೂಡಿಸುತ್ತದೆಂದು ಪಕ್ಕದ ಮನೆಯ ಚಂದ್ರಕ್ಕ ಬಂದು ಹೇಳಿದ ದಿನ ಓಬಕ್ಕನಿಗೆ ಬೆರಗೋ ಬೆರಗು. “ಸಮುದ್ರದಾಗೆ ಹಾಲು ಹೆಂಗೆ ಕುಡಿತಾವೆ ಮರಿ?” ಎಂದು ಕಂಡಕಂಡವರನ್ನು ಕೇಳಿದ್ದಳು.

ಈರಬಸಪ್ಪ ಮಾತ್ರ ಒಂದು ದಿನವೂ ಬರಲಿಲ್ಲ. ತನಗೆ ಕಲಿಯುವುದೇನೂ ಉಳಿದಿಲ್ಲ ಎನ್ನುತ್ತಿದ್ದ.

*

“ಹೊಸದೊಂದು ಹೇಳಿ ಮುಟ್ಟು,” ಎಂದಳು ರೋಜಾ. “ಹೇಳಿದ್ರೆ ಕೈ ತೆಗೀತೀನಿ. ತಡೆಯಲ್ಲ.”

“ಹೆಣ ಕಾಯ್ತೈತೆ. ಆಟ ಆಡ್ತೀಯೇನೇ?”

“ನೇಮ ಎಲ್ಲಾರಿಗೂ ಒಂದೇ ಈರಬಸಪ್ಪ,” ಎಂದಳು ಚಂದ್ರಕ್ಕ. ಹೆಂಗಸರೆಲ್ಲ ಹ್ಞೂಂ ಅಂದರು.

“ಮಳೆ ತಡ ಆದ್ರೆ ಮೇವು ಸಿಗಲ್ಲ. ಸಾಕಾ?”

“ಅದು ಕುರಿಗೂ ಗೊತ್ತು.”

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಈರಬಸಪ್ಪನ ಮುಖ ಕೆಂಪೇರಿತು. ಅವನು ಹಾರೆಯನ್ನು ಮೇಲೆತ್ತಿದ. ರವೀಂದ್ರ “ಚಿಕ್ಕಪ್ಪಾ” ಎಂದು ಚೀರಿದ. ರೋಜಾ ಕಣ್ಣು ಮುಚ್ಚಿದಳೇ ಹೊರತು ಕೈ ತೆಗೆಯಲಿಲ್ಲ.

ಹಾರೆ ಇಳಿಯಲಿಲ್ಲ. ಈರಬಸಪ್ಪ ಚಟ್ಟದ ಕಡೆ ನೋಡುತ್ತಿದ್ದ.

“ಬೆಳಿಗ್ಗೆ ಮೈ ತೊಳಸೋಕೆ ಎತ್ಕಂಡು ಬಂದೆನಲ್ಲ,” ಎಂದ. “ಅತ್ತಿಗೆ ಕೂಸಿನಂಗೆ ಹಗುರ ಇದ್ಲು. ನಂಗೊತ್ತಿರ್ಲಿಲ್ಲ. ಹುಡುಗನಿದ್ದಾಗಿಂದ ಅವಳು ಬಡಿಸಿದ್ದು ಉಂಡೆ. ಅವಳು ಉಣ್ಣೋದು ಒಂದಿನಾನೂ ನೋಡ್ಲಿಲ್ಲ.”

ಅದು ಹಳೆಯದೆಂದು ಯಾರೂ ಹೇಳಲಿಲ್ಲ. ರೋಜಾಳಿಗೆ ಅಳು ಒತ್ತಿ ಬಂತು. ಮಾತು ಕೊಟ್ಟಾಗಿತ್ತು. ಅವಳು ಕೈ ತೆಗೆದು ಪಕ್ಕಕ್ಕೆ ಸರಿದಳು. ಈಗ ಅವನನ್ನು ತಡೆಯುವವರು ಯಾರೂ ಇರಲಿಲ್ಲ.

ಈರಬಸಪ್ಪ ಹಾರೆಯನ್ನು ದೂರ ಎಸೆದ. ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಅದರ ಮೇಲೆ ಅಂಗೈ ಇಟ್ಟ.

“ಇನ್ನೊಂದು ಐತೆ. ಹೇಳ್ಲಾ?”

ಹೆಗಲು ಕೊಟ್ಟವರು ಚಟ್ಟವನ್ನು ಮೆಲ್ಲಗೆ ನೆಲಕ್ಕಿಳಿಸಿದರು.